‘ನೆಗೆಟಿವ್’ ಅಂದರೆ ಯಾವುದು ಇಲ್ಲ? ರಕ್ತದ ಕ್ಯಾನ್ಸರ್‌ನ ಜೀನ್ ಪರೀಕ್ಷೆಗಳ ಬಗ್ಗೆ

(ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ, ಹಾಗಾಗಿ ಕೆಲವು ಕಡೆ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ವೈದ್ಯರಲ್ಲದವರೇ ಜಾಸ್ತಿ ಇದ್ದೀರಿ. ಅದಕ್ಕೇ ಉದ್ದುದ್ದ ಹೆಸರುಗಳನ್ನು ಆದಷ್ಟು ಬಿಟ್ಟು ಮಾತಾಡುತ್ತೇನೆ. ಕೆಲವನ್ನು ಬಿಡಲು ಆಗುವುದಿಲ್ಲ, ಯಾಕೆಂದರೆ ನಿಮ್ಮ ಕೈಗೆ ಬರುವ ರಿಪೋರ್ಟಿನಲ್ಲೇ ಅವು ಇರುತ್ತವೆ.

ರಕ್ತದ ಕ್ಯಾನ್ಸರ್ ಅನುಮಾನ ಬಂದವರ ಮನೆಯಲ್ಲಿ ಒಂದು ಫೈಲ್ ಬೇಗ ದಪ್ಪಗಾಗುತ್ತದೆ. ಕ್ಯಾರಿಯೋಟೈಪ್, ಫಿಶ್, ಪಿಸಿಆರ್, ಎನ್‌ಜಿಎಸ್ ಅಂತ ನಾಲ್ಕೈದು ರಿಪೋರ್ಟ್ ಅದರೊಳಗೆ ಸೇರುತ್ತವೆ. ಒಂದರಲ್ಲಿ ‘ನಾರ್ಮಲ್’ ಅಂತ ಬರೆದಿರುತ್ತದೆ, ಇನ್ನೊಂದರಲ್ಲಿ ‘ಪಾಸಿಟಿವ್’. ಮನುಷ್ಯ ಒಬ್ಬನೇ, ಪರೀಕ್ಷೆಗೆ ಮೂಳೆಯೊಳಗಿನ ಮಜ್ಜೆ ತೆಗೆದದ್ದೂ ಒಂದೇ ದಿನ. ಹಾಗಾದರೆ ಯಾವ ಲ್ಯಾಬ್ ತಪ್ಪು ಮಾಡಿದೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಹೆಚ್ಚಿನ ಸಲ ಯಾರೂ ತಪ್ಪು ಮಾಡಿರುವುದಿಲ್ಲ. ಒಂದೊಂದು ಪರೀಕ್ಷೆಯೂ ಒಂದೊಂದು ಪ್ರಶ್ನೆ ಕೇಳುತ್ತದೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಇಷ್ಟೇ. ಆದರೆ ಇದು ಹೇಗೆ ಅಂತ ತಿಳಿಯಬೇಕಾದರೆ ಲ್ಯಾಬಿನ ಒಳಗೆ ಸ್ವಲ್ಪ ಹೋಗಿ ಬರಬೇಕು.

ಮೊದಲು, ಜೀನ್‌ವರೆಗೆ ಯಾಕೆ ಹೋಗಬೇಕು? ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲುಕೇಮಿಯಾ, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರ್, ಹೌದೋ ಅಲ್ಲವೋ ಬಹಳಷ್ಟು ಸಲ ಅಲ್ಲೇ ಗೊತ್ತಾಗುತ್ತದೆ. ಫ್ಲೋ ಸೈಟೊಮೆಟ್ರಿ ಅನ್ನುವ ಪರೀಕ್ಷೆ ಕೋಶಗಳ ಮೈಮೇಲಿನ ಗುರುತುಗಳನ್ನು ನೋಡಿ, ಅದು ಯಾವ ಕುಲದ ಕೋಶ ಅಂತ ಒಂದು ದಿನದೊಳಗೆ ಹೇಳಿಬಿಡಬಹುದು. ಅಷ್ಟಾದರೂ ತೊಡಕು ಮುಗಿಯುವುದಿಲ್ಲ. ನೋಡಲು ಒಂದೇ ಥರ ಇರುವ ಎರಡು ಲುಕೇಮಿಯಾಗಳಲ್ಲಿ ಒಂದು ಬರೀ ಕೀಮೋಥೆರಪಿಗೆ ವಾಸಿಯಾಗುತ್ತದೆ. ಇನ್ನೊಂದಕ್ಕೆ ಅಸ್ಥಿಮಜ್ಜೆ ಕಸಿ ಮಾಡಿದರೂ ಭರವಸೆ ಕಡಿಮೆ. ವ್ಯತ್ಯಾಸ ಕೋಶದ ಮುಖದಲ್ಲಿಲ್ಲ, ಒಳಗಿನ ಡಿಎನ್‌ಎಯಲ್ಲಿದೆ. 2001ರಲ್ಲಿ ಬಂದ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣ ಕೆಲವು ಲುಕೇಮಿಯಾಗಳಿಗೆ ಅವುಗಳ ಜೀನ್ ಬದಲಾವಣೆಯ ಹೆಸರನ್ನೇ ಇಟ್ಟಿತು. ಅಲ್ಲಿಂದೀಚೆಗೆ ಪ್ರತಿ ಹೊಸ ಆವೃತ್ತಿಯಲ್ಲೂ ಆ ಪಟ್ಟಿ ಬೆಳೆಯುತ್ತಲೇ ಇದೆ.

ಈ ದಾರಿ ತೆರೆದದ್ದು ಕ್ರೋಮೋಸೋಮ್, ಅಂದರೆ ವರ್ಣತಂತುಗಳ ಅಧ್ಯಯನ. ಮನುಷ್ಯನ ಕೋಶದಲ್ಲಿ 46 ಕ್ರೋಮೋಸೋಮ್ ಇವೆ ಅನ್ನುವುದೇ ಖಚಿತವಾದದ್ದು 1956ರಲ್ಲಿ. ಅದಕ್ಕೂ ಮುಂಚೆ 48 ಅಂತ ನಂಬಿದ್ದರು. ಎಣಿಸಲು ಯಾಕೆ ಅಷ್ಟು ಕಷ್ಟ ಅಂದರೆ, ಅವು ಒಂದರ ಮೇಲೊಂದು ಗಂಟುಬಿದ್ದ ಹಾಗೆ ಇರುತ್ತವೆ. 1952ರಲ್ಲಿ ಟಿ.ಸಿ. ಶು ಅನ್ನುವ ವಿಜ್ಞಾನಿಯ ಲ್ಯಾಬಿನಲ್ಲಿ ಯಾರೋ ಕೋಶ ತೊಳೆಯುವ ದ್ರಾವಣಕ್ಕೆ ಉಪ್ಪಿನಂಶ ಕಡಿಮೆ ಹಾಕಿದ್ದರು. ಕೋಶಗಳು ನೀರು ಹೀರಿ ಉಬ್ಬಿದವು, ಒಳಗಿನ ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಹರಡಿಕೊಂಡವು. ಆ ಅಚಾತುರ್ಯವೇ ಇವತ್ತು ಎಲ್ಲ ಲ್ಯಾಬ್‌ಗಳ ನಿತ್ಯದ ವಿಧಾನ. ಯಾರು ಹಾಗೆ ಮಾಡಿದರು ಅನ್ನುವುದು ಶುಗೆ ಕೊನೆವರೆಗೂ ಗೊತ್ತಾಗಲಿಲ್ಲ.

1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ಸಿಎಂಎಲ್ ಎಂಬ ದೀರ್ಘಕಾಲದ ಲುಕೇಮಿಯಾ ಇದ್ದವರ ಕೋಶಗಳಲ್ಲಿ ಅಸಾಮಾನ್ಯವಾಗಿ ಚಿಕ್ಕದಾದ ಒಂದು ಕ್ರೋಮೋಸೋಮ್ ಕಂಡರು. ಅದಕ್ಕೆ ಊರಿನ ಹೆಸರೇ ಉಳಿಯಿತು: ಫಿಲಡೆಲ್ಫಿಯಾ ಕ್ರೋಮೋಸೋಮ್. ಒಂದು ತುಂಡು ಕಳೆದುಹೋಗಿದೆ ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಅದು ಕಳೆದುಹೋಗಿಲ್ಲ, 9ನೇ ಕ್ರೋಮೋಸೋಮ್‌ಗೆ ಹೋಗಿ ಅಂಟಿಕೊಂಡಿದೆ ಅಂತ 1973ರಲ್ಲಿ ತೋರಿಸಿಕೊಟ್ಟವರು ಜಾನೆಟ್ ರೌಲಿ. ಅವರು ಕ್ರೋಮೋಸೋಮ್‌ಗಳ ಫೋಟೋ ತೆಗೆದು, ಒಂದೊಂದನ್ನೇ ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಜೋಡಿಸಿ ನೋಡುತ್ತಿದ್ದರು. ಕ್ಯಾನ್ಸರ್‌ಗೆ ಕ್ರೋಮೋಸೋಮ್ ಬದಲಾವಣೆಯೇ ಕಾರಣ ಆಗಿರಬಹುದು ಅನ್ನುವ ಮಾತನ್ನು ಆಗ ಒಪ್ಪುವವರು ಕಡಿಮೆ ಇದ್ದರು.

ಆ ಅದಲುಬದಲಿಂದ ಆಗುವುದೇನು? 9ನೇ ಕ್ರೋಮೋಸೋಮ್‌ನಲ್ಲಿ ಎಬಿಎಲ್1 ಅನ್ನುವ ಜೀನ್ ಇದೆ. ಕೋಶಕ್ಕೆ ‘ಬೆಳೆ’ ಅಂತ ಸೂಚನೆ ಕೊಡುವ ಒಂದು ಪ್ರೋಟೀನನ್ನು ಅದು ಮಾಡುತ್ತದೆ. ಬೇಕಾದಾಗ ಚಾಲೂ ಆಗುತ್ತದೆ, ಬೇಡವಾದಾಗ ಸುಮ್ಮನಿರುತ್ತದೆ. 22ನೇ ಕ್ರೋಮೋಸೋಮ್‌ನ ಬಿಸಿಆರ್ ಜೀನ್ ಜೊತೆ ಅದು ಬೆಸೆದುಕೊಂಡರೆ ಸುಮ್ಮನಾಗುವುದನ್ನೇ ಮರೆತುಬಿಡುತ್ತದೆ. ಇಮ್ಯಾಟಿನಿಬ್ ಎಂಬ ಮಾತ್ರೆ ನೇರವಾಗಿ ಆ ಪ್ರೋಟೀನನ್ನೇ ಹಿಡಿದು ನಿಲ್ಲಿಸುತ್ತದೆ. 2001ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಒಂದು ಕಾಲದಲ್ಲಿ ಕೆಲವೇ ವರ್ಷಗಳಲ್ಲಿ ಜೀವ ತೆಗೆಯುತ್ತಿದ್ದ ಕಾಯಿಲೆ ಇದು. ಈಗ ಮಾತ್ರೆ ಕೆಲಸ ಮಾಡಿದವರು ಬೇರೆಯವರಷ್ಟೇ ಕಾಲ ಬಾಳುತ್ತಿದ್ದಾರೆ. ಆದರೆ ಮಾತ್ರೆ ಕೊಡುವ ಮೊದಲು ಬಿಸಿಆರ್-ಎಬಿಎಲ್1 ಇದೆ ಅಂತ ಪರೀಕ್ಷೆ ಹೇಳಬೇಕು. ಅದಿಲ್ಲದಿದ್ದರೆ ಕಾಯಿಲೆ ಸಿಎಂಎಲ್ ಅಲ್ಲ, ಬೇರೆ ಯಾವುದೋ.

ಇನ್ನು ಪರೀಕ್ಷೆಗಳಿಗೆ ಬರೋಣ. ಅತಿ ಹಳೆಯದು ಕ್ಯಾರಿಯೋಟೈಪ್. ಇದಕ್ಕೆ ಜೀವಂತ ಕೋಶಗಳೇ ಬೇಕು. ಕ್ರೋಮೋಸೋಮ್‌ಗಳು ಬಿಡಿಬಿಡಿಯಾಗಿ ಕಾಣುವುದು ಕೋಶ ಎರಡಾಗಿ ಒಡೆಯುವ ಆ ಸ್ವಲ್ಪ ಹೊತ್ತು ಮಾತ್ರ. ಹಾಗಾಗಿ ಮಜ್ಜೆಯ ಕೋಶಗಳನ್ನು ಸಾಮಾನ್ಯವಾಗಿ ಒಂದೆರಡು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೆಳೆಸುತ್ತೇವೆ. ಆಮೇಲೆ ಕಾಲ್ಸೆಮಿಡ್ ಅನ್ನುವ ರಾಸಾಯನಿಕ ಹಾಕಿ ವಿಭಜನೆಯನ್ನು ಮಧ್ಯದಲ್ಲೇ ತಡೆಯುತ್ತೇವೆ. ಶು ಅವರ ಲ್ಯಾಬಿನಲ್ಲಿ ಆದ ಹಾಗೆ ಉಬ್ಬಿಸಿ, ಗಾಜಿನ ಸ್ಲೈಡ್ ಮೇಲೆ ಹನಿಸಿ, ಬಣ್ಣ ಕೊಟ್ಟರೆ ಪಟ್ಟೆಪಟ್ಟೆಯಾಗಿ ಕಾಣುತ್ತವೆ. ಸಾಮಾನ್ಯವಾಗಿ ಅಂಥ 20 ಕೋಶಗಳನ್ನು ನೋಡುತ್ತೇವೆ. ಕಂಪ್ಯೂಟರ್ ಸಹಾಯ ಇದ್ದರೂ ಕೊನೆಗೆ ತೀರ್ಮಾನ ಮಾಡುವುದು ಮನುಷ್ಯನ ಕಣ್ಣೇ.

ಈ ಪರೀಕ್ಷೆಯ ದೊಡ್ಡ ಗುಣ, ಏನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕಿಲ್ಲ. ಇಪ್ಪತ್ಮೂರು ಜೊತೆಯನ್ನೂ ಒಟ್ಟಿಗೆ ನೋಡುವುದರಿಂದ, ಯಾರೂ ನಿರೀಕ್ಷಿಸದ ಬದಲಾವಣೆಯೂ ಕಣ್ಣಿಗೆ ಬೀಳುತ್ತದೆ. ದೊಡ್ಡ ಕೊರತೆ, ಸಣ್ಣದು ಕಾಣುವುದಿಲ್ಲ. ಸುಮಾರು 50 ಲಕ್ಷ ಡಿಎನ್‌ಎ ಅಕ್ಷರಗಳಿಗಿಂತ ಚಿಕ್ಕ ಬದಲಾವಣೆ ಈ ಪಟ್ಟೆಗಳಲ್ಲಿ ಗೊತ್ತಾಗುವುದಿಲ್ಲ. ಈಗ ಇದನ್ನು ನೋಡಿ. ದೊಡ್ಡವರ ಎಎಂಎಲ್, ಅಂದರೆ ತೀವ್ರ ಮೈಲಾಯ್ಡ್ ಲುಕೇಮಿಯಾದಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಎನ್‌ಪಿಎಂ1 ಜೀನ್‌ನಲ್ಲಿ ಮ್ಯುಟೇಶನ್, ಅಂದರೆ ಡಿಎನ್‌ಎ ಅಕ್ಷರಗಳಲ್ಲಿ ಬದಲಾವಣೆ ಇರುತ್ತದೆ. ಸಾಮಾನ್ಯವಾಗಿ ಅಲ್ಲಿ ಸೇರಿಕೊಂಡಿರುವುದು ಬರೀ 4 ಅಕ್ಷರ. ಸುಮಾರು 300 ಕೋಟಿ ಅಕ್ಷರಗಳ ನಡುವೆ 4! ಕ್ಯಾರಿಯೋಟೈಪ್‌ಗೆ ಅದು ಹೇಗೆ ಕಾಣಬೇಕು? ಎಎಂಎಲ್ ಇದ್ದವರಲ್ಲಿ ಅರ್ಧಕ್ಕೆ ಹತ್ತಿರ ಜನರ ಕ್ಯಾರಿಯೋಟೈಪ್ ‘ನಾರ್ಮಲ್’ ಅಂತಲೇ ಬರುತ್ತದೆ. ಕಾಯಿಲೆ ಇಲ್ಲ ಅಂತ ಅದರ ಅರ್ಥ ಅಲ್ಲ, ಕಾಯಿಲೆ ಪುಟ್ಟ ಅಕ್ಷರಗಳಲ್ಲಿದೆ ಅಂತ ಅಷ್ಟೇ.

ಇನ್ನೂ ಒಂದು ತೊಂದರೆ ಇದೆ. ಬೆಳೆಯಲು ಬಿಟ್ಟಾಗ ಕ್ಯಾನ್ಸರ್ ಕೋಶಗಳೇ ಬೆಳೆಯುತ್ತವೆ ಅಂತ ಗ್ಯಾರಂಟಿ ಇಲ್ಲ. ಕೆಲವೊಮ್ಮೆ ಅವು ಮುದುಡಿಕೊಂಡು ಕೂರುತ್ತವೆ, ಆರೋಗ್ಯವಂತ ಕೋಶಗಳು ಬೆಳೆದುಬಿಡುತ್ತವೆ. ಪ್ಲಾಸ್ಮಾ ಕೋಶ ಅನ್ನುವ ರಕ್ತಕೋಶಗಳ ಕ್ಯಾನ್ಸರ್ ಆದ ಮೈಲೋಮಾದಲ್ಲಿ ಇದು ಜಾಸ್ತಿ. ಪ್ಲಾಸ್ಮಾ ಕೋಶಗಳು ಲ್ಯಾಬಿನಲ್ಲಿ ವಿಭಜನೆಗೆ ಸುಲಭವಾಗಿ ಒಗ್ಗುವುದಿಲ್ಲ.

ಅಲ್ಲಿ ಫಿಶ್ ಸಹಾಯಕ್ಕೆ ಬರುತ್ತದೆ. ಡಿಎನ್‌ಎಯ ಒಂದು ನಿರ್ದಿಷ್ಟ ಜಾಗಕ್ಕೆ ಮಾತ್ರ ಅಂಟಿಕೊಳ್ಳುವ, ಹೊಳೆಯುವ ತುಣುಕುಗಳನ್ನು ಕೋಶದೊಳಗೆ ಬಿಡುತ್ತಾರೆ. ಬಿಸಿಆರ್‌ಗೆ ಹಸಿರು, ಎಬಿಎಲ್1ಗೆ ಕೆಂಪು ಅಂತ ಇಟ್ಟುಕೊಳ್ಳಿ. ಎರಡೂ ಬೇರೆಬೇರೆ ಕಂಡರೆ ಸರಿ, ಒಂದರ ಮೇಲೊಂದು ಕೂತು ಹಳದಿ ಕಂಡರೆ ಬೆಸೆದಿವೆ. ಕೋಶ ಬೆಳೆಸಬೇಕಿಲ್ಲ, ಒಂದೆರಡು ದಿನದಲ್ಲಿ ಉತ್ತರ. 20ರ ಬದಲು ಸುಮಾರು 200 ಕೋಶ ನೋಡಬಹುದು. ಮಕ್ಕಳ ಎಎಲ್‌ಎಲ್, ಅಂದರೆ ತೀವ್ರ ಲಿಂಫಾಯ್ಡ್ ಲುಕೇಮಿಯಾದಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಬದಲಾವಣೆ 12 ಮತ್ತು 21ನೇ ಕ್ರೋಮೋಸೋಮ್‌ಗಳ ನಡುವಿನದು. ಸುಮಾರು ನಾಲ್ಕೈದು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಅದಲುಬದಲಾದ ತುಂಡುಗಳ ಪಟ್ಟೆಗಳು ಒಂದೇ ಥರ ಇರುವುದರಿಂದ ಕ್ಯಾರಿಯೋಟೈಪ್‌ನಲ್ಲಿ ಅದು ಕಾಣುವುದೇ ಇಲ್ಲ. ಫಿಶ್ ಬಂದ ಮೇಲೆಯೇ ಅದು ಇಷ್ಟು ಮಕ್ಕಳಲ್ಲಿ ಇದೆ ಅಂತ ತಿಳಿದದ್ದು. ಅದು ಸಿಕ್ಕರೆ ಒಳ್ಳೆಯ ಸುದ್ದಿ, ಆ ಮಕ್ಕಳು ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುತ್ತಾರೆ.

ಆದರೆ ಫಿಶ್ ಶಾಲೆಯಲ್ಲಿ ಹಾಜರಿ ಕರೆದ ಹಾಗೆ. ಪುಸ್ತಕದಲ್ಲಿ ಹೆಸರಿದ್ದವರನ್ನು ಮಾತ್ರ ಮೇಷ್ಟ್ರು ಕರೆಯುತ್ತಾರೆ. ಹೆಸರೇ ಇಲ್ಲದವನು ಮೊದಲ ಬೆಂಚಿನಲ್ಲೇ ಕೂತಿದ್ದರೂ ಲೆಕ್ಕಕ್ಕೆ ಸಿಗುವುದಿಲ್ಲ. ‘ಫಿಶ್ ನೆಗೆಟಿವ್’ ಅಂತ ಯಾರಾದರೂ ಹೇಳಿದರೆ, ಯಾವ ಯಾವುದಕ್ಕೆ ನೋಡಿದ್ದು ಅಂತ ಕೇಳಿ.

ಇದು ಬರೀ ತರ್ಕದ ಮಾತಲ್ಲ. ಸಿಎಲ್‌ಎಲ್ ಎಂಬ, ಹೆಚ್ಚಾಗಿ ವಯಸ್ಸಾದವರಿಗೆ ಬರುವ ಲುಕೇಮಿಯಾ ಇದೆ. ಅದರಲ್ಲಿ ಟಿಪಿ53 ಅನ್ನುವ ಜೀನ್ ಹಾಳಾಗಿದ್ದರೆ ಹಳೆಯ ಕೀಮೋ ಸರಿಯಾಗಿ ಕೆಲಸ ಮಾಡುವುದಿಲ್ಲ, ಬಿಟಿಕೆ ಪ್ರೋಟೀನನ್ನು ತಡೆಯುವ ಮಾತ್ರೆಗಳಂಥ ಹೊಸ ಔಷಧಿ ಬೇಕು. ಜೀನ್ ಎರಡು ಥರ ಹಾಳಾಗಬಹುದು. ಜೀನ್ ಇರುವ 17ನೇ ಕ್ರೋಮೋಸೋಮ್‌ನ ತುಂಡೇ ಕಳೆದುಹೋಗಬಹುದು, ಅದು ಫಿಶ್‌ನಲ್ಲಿ ಕಾಣುತ್ತದೆ. ಅಥವಾ ತುಂಡು ಅಲ್ಲೇ ಇದ್ದು ಒಳಗಿನ ಒಂದು ಅಕ್ಷರ ತಪ್ಪಾಗಬಹುದು, ಅದು ಫಿಶ್‌ನಲ್ಲಿ ಕಾಣುವುದಿಲ್ಲ, ಸೀಕ್ವೆನ್ಸಿಂಗ್ ಮಾಡಬೇಕು, ಅಂದರೆ ಅಕ್ಷರ ಅಕ್ಷರವಾಗಿ ಓದಬೇಕು. ಕೆಲವರಲ್ಲಿ ಎರಡನೆಯದು ಮಾತ್ರ ಇರುತ್ತದೆ. ಅವರಿಗೆ ಫಿಶ್ ಒಂದನ್ನೇ ಮಾಡಿ ‘ನೆಗೆಟಿವ್’ ಅಂದುಬಿಟ್ಟರೆ ತಪ್ಪು ಔಷಧಿ ಶುರುವಾಗುತ್ತದೆ. ಪರೀಕ್ಷೆ ಸರಿಯಾಗಿಯೇ ಇತ್ತು. ಪ್ರಶ್ನೆ ಅರ್ಧ ಇತ್ತು.

ಪಿಸಿಆರ್ ಬಗ್ಗೆ ಕೋವಿಡ್ ಕಾಲದಲ್ಲಿ ಎಲ್ಲರೂ ಕಲಿತಿದ್ದೀರಿ, ಜಾಸ್ತಿ ಹೇಳುವುದಿಲ್ಲ. ಬೇಕಾದ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡಿ ಪತ್ತೆಹಚ್ಚುತ್ತದೆ. ಲಕ್ಷ ಕೋಶಗಳಲ್ಲಿ ಒಂದು ಕೆಟ್ಟ ಕೋಶ ಇದ್ದರೂ ಹಿಡಿಯಬಲ್ಲದು. ಇದಕ್ಕೂ ಹಾಜರಿ ಪುಸ್ತಕದ ಮಿತಿ ಇದೆ. ಬಿಸಿಆರ್-ಎಬಿಎಲ್1 ಎಲ್ಲರಲ್ಲೂ ಒಂದೇ ಜಾಗದಲ್ಲಿ ಬೆಸೆದಿರುವುದಿಲ್ಲ. ಅಪರೂಪದ ಜಾಗದಲ್ಲಿ ಬೆಸೆದಿದ್ದರೆ ಮಾಮೂಲಿ ಪಿಸಿಆರ್‌ನಿಂದ ಅದು ತಪ್ಪಿಸಿಕೊಳ್ಳಬಹುದು. ಅದಕ್ಕೇ ಮೊದಲ ಸಲ ರೋಗ ಪತ್ತೆ ಮಾಡುವಾಗ ಪಿಸಿಆರ್ ಜೊತೆ ಕ್ಯಾರಿಯೋಟೈಪನ್ನೂ ಮಾಡಬೇಕು ಅನ್ನುವುದು. ದುಡ್ಡು ಉಳಿಸಲು ಒಂದನ್ನು ಬಿಡುವ ಅಭ್ಯಾಸ ನನಗೆ ಇಷ್ಟವಾಗುವುದಿಲ್ಲ. ಆಮೇಲಿನ ವರ್ಷಗಳ ಹೋಲಿಕೆಗೆ ಮೊದಲ ದಿನದ ಚಿತ್ರವೇ ಆಧಾರ, ಅದನ್ನು ಮತ್ತೆ ತೆಗೆಯಲು ಆಗುವುದಿಲ್ಲ.

ಎನ್‌ಜಿಎಸ್ ಅಂದರೆ ಹತ್ತಾರು, ನೂರಾರು ಜೀನ್‌ಗಳನ್ನು ಒಂದೇ ಸಲ ಅಕ್ಷರ ಅಕ್ಷರವಾಗಿ ಓದುವುದು. ಉತ್ತರಕ್ಕೆ ಒಂದರಿಂದ ಮೂರು ವಾರ ಬೇಕಾಗಬಹುದು. ಎಲ್ಲವನ್ನೂ ಓದುತ್ತದಲ್ಲ, ಬೇರೆ ಯಾಕೆ ಬೇಕು ಅಂತ ಅನ್ನಿಸಬಹುದು. ಬೇಕು. ಇದು ಡಿಎನ್‌ಎಯನ್ನು ಸಣ್ಣ ಸಣ್ಣ ತುಣುಕು ಮಾಡಿ ಓದುತ್ತದೆ. ಎಫ್‌ಎಲ್‌ಟಿ3 ಜೀನ್‌ನ ಒಂದು ಭಾಗ ಎರಡೆರಡು ಸಲ ಬರೆದ ಹಾಗೆ ಉದ್ದವಾಗುವುದು ಎಎಂಎಲ್‌ನಲ್ಲಿ ಸಾಮಾನ್ಯ. ಹಾಗೆ ಸೇರಿದ ಭಾಗ ಉದ್ದ ಇದ್ದರೆ ಸಣ್ಣ ತುಣುಕಿನ ಓದಿನಲ್ಲಿ ತಪ್ಪಿಹೋಗಬಹುದು. ಜೊತೆಗೆ ಅದಕ್ಕೆ ಕೊಡುವ ಮಿಡೋಸ್ಟಾರಿನ್ ಮಾತ್ರೆಯನ್ನು ಕೀಮೋದ 8ನೇ ದಿನದಿಂದ ಶುರುಮಾಡುತ್ತಾರೆ. ಮೂರು ವಾರ ಕಾಯುವುದು ಹೇಗೆ? ಹಾಗಾಗಿ ಎಫ್‌ಎಲ್‌ಟಿ3ಗೆ ಪ್ರತ್ಯೇಕವಾಗಿ, ಬೇಗ ಆಗುವ ಪಿಸಿಆರ್ ಮಾಡುತ್ತಾರೆ.

ಬೇಗ ಅಂದಾಗ ಒಂದು ಕಾಯಿಲೆಯನ್ನು ಹೇಳಲೇಬೇಕು, ಎಎಂಎಲ್‌ನದೇ ಒಂದು ಬಗೆಯಾದ ಎಪಿಎಲ್. ಇದರಲ್ಲಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯೇ ಕುಸಿಯುತ್ತದೆ. ಮಿದುಳಿನಲ್ಲಿ, ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಮೊದಲ ಕೆಲವು ದಿನಗಳಲ್ಲೇ ಜೀವ ಹೋಗಬಹುದು. ಆ ದಿನಗಳನ್ನು ದಾಟಿದರೆ ಮಾತ್ರ ಲುಕೇಮಿಯಾಗಳಲ್ಲೇ ಅತ್ಯಂತ ಚೆನ್ನಾಗಿ ವಾಸಿಯಾಗುವುದು ಇದೇ. ಆಟ್ರಾ ಎಂಬ, ವಿಟಮಿನ್ ಎ ಕುಲದ ಔಷಧಿ, ಜೊತೆಗೆ ಆರ್ಸೆನಿಕ್. ಹೌದು, ವಿಷ ಅಂತ ನಾವು ಕೇಳಿರುವ ಅದೇ ಆರ್ಸೆನಿಕ್. 1988ರಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಅವರ ತಂಡ ಆಟ್ರಾ ಕೊಟ್ಟ 24 ರೋಗಿಗಳ ಫಲಿತಾಂಶ ಪ್ರಕಟಿಸಿತು. ಎಲ್ಲರಲ್ಲೂ ಕಾಯಿಲೆ ಹಿಮ್ಮೆಟ್ಟಿತ್ತು. ಅದು ಯಾಕೆ ಕೆಲಸ ಮಾಡುತ್ತದೆ ಅನ್ನುವುದು ತಿಳಿದದ್ದು ಆಮೇಲೆ. 15 ಮತ್ತು 17ನೇ ಕ್ರೋಮೋಸೋಮ್‌ಗಳು ತುಂಡು ಬದಲಿಸಿಕೊಂಡಾಗ ಮುರಿಯುವ ಒಂದು ಜೀನ್, ವಿಟಮಿನ್ ಎ ಕುಲದ ಸೂಚನೆಯನ್ನು ಹಿಡಿಯುವ ಜೀನೇ ಆಗಿತ್ತು.

ಎಪಿಎಲ್ ಇರಬಹುದು ಅಂತ ಸೂಕ್ಷ್ಮದರ್ಶಕದಲ್ಲಿ ಅನುಮಾನ ಬಂದ ಕೂಡಲೇ ಆಟ್ರಾ ಶುರುಮಾಡಬೇಕು, ಜೀನ್ ರಿಪೋರ್ಟಿಗೆ ಕಾಯಬಾರದು. ರಿಪೋರ್ಟ್ ಬಂದು ಎಪಿಎಲ್ ಅಲ್ಲ ಅಂತಾದರೆ ನಿಲ್ಲಿಸಿದರಾಯಿತು. ಜೀನ್ ಪರೀಕ್ಷೆಯ ಪರವಾಗಿ ಇಷ್ಟು ಮಾತಾಡುವ ನಾನೇ ಇದನ್ನು ಹೇಳುತ್ತಿದ್ದೇನೆ.

ಸ್ಯಾಂಪಲ್ ಬಗ್ಗೆ ಯಾರೂ ಭಾಷಣ ಮಾಡುವುದಿಲ್ಲ, ಆದರೆ ಎಷ್ಟೋ ರಿಪೋರ್ಟ್ ಹಾಳಾಗುವುದು ಅಲ್ಲೇ. ಕ್ಯಾರಿಯೋಟೈಪ್‌ಗೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬೇಕು. ಪಿಸಿಆರ್, ಎನ್‌ಜಿಎಸ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಯಾಕೆಂದರೆ ಹೆಪಾರಿನ್ ಪಿಸಿಆರ್‌ಗೆ ಅಡ್ಡಿ ಮಾಡುತ್ತದೆ. ಸೂಜಿಯಲ್ಲಿ ಮೊದಲು ಎಳೆದ ಮಜ್ಜೆಯೇ ಗಟ್ಟಿ. ಮತ್ತೆ ಮತ್ತೆ ಎಳೆದಷ್ಟೂ ರಕ್ತ ಬೆರೆತು ತೆಳುವಾಗುತ್ತದೆ. ಆ ತೆಳು ಸ್ಯಾಂಪಲ್‌ನಲ್ಲಿ ಲಕ್ಷಕ್ಕೊಂದು ಕೋಶ ಹುಡುಕಿ ‘ಇಲ್ಲ’ ಅಂದರೆ ಆ ‘ಇಲ್ಲ’ಕ್ಕೆ ಏನು ಬೆಲೆ? ಕ್ಯಾರಿಯೋಟೈಪ್‌ಗೆ ಹೋಗುವ ಸ್ಯಾಂಪಲನ್ನು ಫ್ರೀಜರ್‌ನಲ್ಲಿಟ್ಟರೆ ಕೋಶಗಳು ಸಾಯುತ್ತವೆ. ಮಜ್ಜೆಯ ಜೊತೆ ತೆಗೆಯುವ ಮೂಳೆ ಚೂರನ್ನು ಮೆದು ಮಾಡಲು ಬಲವಾದ ಆಮ್ಲ ಹಾಕಿದರೆ ಒಳಗಿನ ಡಿಎನ್‌ಎ ನುಚ್ಚುನೂರಾಗುತ್ತದೆ.

ಇಷ್ಟು ಹೊತ್ತು ಕಾಣದೆ ಹೋಗುವುದರ ಬಗ್ಗೆ ಹೇಳಿದೆ. ಉಲ್ಟಾ ಸಮಸ್ಯೆಯೂ ಇದೆ, ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ವಯಸ್ಸಾದಂತೆ ರಕ್ತದ ಮೂಲಕೋಶಗಳಲ್ಲಿ ಮ್ಯುಟೇಶನ್‌ಗಳು ಸೇರಿಕೊಳ್ಳುತ್ತವೆ. 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನಗಳು, 70 ದಾಟಿದವರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಜನರ ರಕ್ತದಲ್ಲಿ ಲುಕೇಮಿಯಾಕ್ಕೆ ಸಂಬಂಧಪಟ್ಟ ಮ್ಯುಟೇಶನ್ ಇದೆ ಅಂತ ತೋರಿಸಿದವು. ರಕ್ತ ಸರಿಯಾಗಿದೆ, ಕಾಯಿಲೆ ಇಲ್ಲ. ಅಂಥವರಲ್ಲಿ ರಕ್ತದ ಕ್ಯಾನ್ಸರ್‌ಗೆ ತಿರುಗುವುದು ವರ್ಷಕ್ಕೆ ನೂರರಲ್ಲಿ ಒಬ್ಬರು ಅಥವಾ ಅದಕ್ಕೂ ಕಡಿಮೆ. ಹಾಗಾಗಿ ಸುಮ್ನೆ ‘ಒಂದು ಸಲ ನೋಡಿಬಿಡೋಣ’ ಅಂತ ಆರೋಗ್ಯವಾಗಿರುವವರು ಈ ಪರೀಕ್ಷೆ ಮಾಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಸಿಗುವುದು ಹೆಚ್ಚಾಗಿ ಏನೂ ಮಾಡಲಾಗದ ಚಿಂತೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತೇನೆ.

“ನನ್ನ ಅಣ್ಣನ ರಿಪೋರ್ಟಿನಲ್ಲಿ ಮ್ಯುಟೇಶನ್ ಇದೆ ಅಂತ ಬಂದಿದೆ. ನಾವೆಲ್ಲ ಪರೀಕ್ಷೆ ಮಾಡಿಸಬೇಕಾ?”

ಹೆಚ್ಚಿನ ಸಲ ಬೇಡ. ಈ ಬದಲಾವಣೆಗಳಲ್ಲಿ ಬಹುಪಾಲು ಹುಟ್ಟಿದ ಮೇಲೆ ಒಂದು ರಕ್ತಕೋಶದಲ್ಲಿ ಆದವು. ಅಪ್ಪ ಅಮ್ಮನಿಂದ ಬಂದವಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಆದರೆ ಡಿಡಿಎಕ್ಸ್41, ರನ್ಎಕ್ಸ್1, ಗಾಟಾ2 ಥರದ ಕೆಲವು ಜೀನ್‌ಗಳಲ್ಲಿ ವಂಶದಿಂದ ಬಂದ ಮ್ಯುಟೇಶನ್ ಇರುವ ಕುಟುಂಬಗಳಿವೆ. ರಿಪೋರ್ಟಿನಲ್ಲಿ ಆ ಮ್ಯುಟೇಶನ್‌ನ ಪ್ರಮಾಣ ಶೇ. 50ರ ಆಸುಪಾಸು ಇದ್ದರೆ, ಚಿಕಿತ್ಸೆಯಾಗಿ ಕಾಯಿಲೆ ಹೋದ ಮೇಲೂ ಅದು ಇಳಿಯದಿದ್ದರೆ, ನಮಗೆ ಅನುಮಾನ ಬರುತ್ತದೆ. ಅದನ್ನು ಖಚಿತ ಮಾಡಲು ರಕ್ತ ಸಾಲದು, ಇಲ್ಲಿ ರಕ್ತವೇ ಕಾಯಿಲೆ. ಜೊಲ್ಲಿನಲ್ಲೂ ರಕ್ತಕೋಶ ಬೆರೆತಿರುತ್ತದೆ. ಚರ್ಮದ ಸಣ್ಣ ಚೂರು ತೆಗೆದು, ಅದರ ಕೋಶ ಬೆಳೆಸಿ ನೋಡಬೇಕಾಗುತ್ತದೆ. ಇದು ಮುಖ್ಯವಾಗುವುದು ತಮ್ಮನೇ ಅಣ್ಣನಿಗೆ ಮಜ್ಜೆ ಕೊಡುವಾಗ. ಅದೇ ಮ್ಯುಟೇಶನ್ ತಮ್ಮನಲ್ಲೂ ಇದ್ದರೆ ಬೇರೆ ದಾನಿ ಹುಡುಕುವ ಬಗ್ಗೆ ಯೋಚಿಸಬೇಕಾಗುತ್ತದೆ.

“ಸಿಎಂಎಲ್ ಮಾತ್ರೆ ತಗೊಳ್ತಾ ಇದ್ದೇನೆ. ರಿಪೋರ್ಟಿನಲ್ಲಿ 0.08 ಅಂತಿದೆ. ಇನ್ನೂ ಸೊನ್ನೆ ಆಗಿಲ್ವಲ್ಲ?”

ಅದು ಶೇಕಡಾ ಲೆಕ್ಕ. ಎಲ್ಲ ಲ್ಯಾಬ್‌ಗಳ ಅಳತೆ ಹೊಂದಲಿ ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಅದರಲ್ಲಿ ಶೇ. 0.1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಳ್ಳೆಯ ಹತೋಟಿ ಅಂತಲೇ ಲೆಕ್ಕ. ಸೊನ್ನೆಯೇ ಆಗಬೇಕು ಅಂತಿಲ್ಲ. ಒಂದು ಸಲದ ಅಂಕಿಗಿಂತ, ಆಗಾಗ ಬಂದ ಅಂಕಿಗಳು ಇಳಿಯುತ್ತಿವೆಯೋ ಏರುತ್ತಿವೆಯೋ ಅನ್ನುವುದನ್ನು ನೋಡಿ. ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಅಂಕಿ ಏರತೊಡಗಿದರೆ ಮೊದಲು ಮಾತ್ರೆ ತಪ್ಪಿಸಿದ್ದೀರಾ ಅಂತ ಕೇಳುತ್ತಾರೆ. ಆಮೇಲೆ ಎಬಿಎಲ್1 ಭಾಗದಲ್ಲೇ ಹೊಸ ಮ್ಯುಟೇಶನ್ ಆಗಿದೆಯಾ ಅಂತ ಪರೀಕ್ಷೆ ಮಾಡುತ್ತಾರೆ, ಯಾವ ಮಾತ್ರೆಗೆ ಬದಲಿಸಬೇಕು ಅನ್ನುವುದು ಅದರ ಮೇಲೆ ನಿಂತಿದೆ.

“ಪ್ರತಿ ಸಲ ಮಜ್ಜೆಗೇ ಸೂಜಿ ಚುಚ್ಚಬೇಕಾ? ರಕ್ತದಲ್ಲಿ ಆಗಲ್ವಾ?”

ಕಾಯಿಲೆಯ ಮೇಲೆ ಹೋಗುತ್ತದೆ. ಸಿಎಂಎಲ್‌ನ ಮುಂದಿನ ಪಿಸಿಆರ್‌ಗಳು ರಕ್ತದಲ್ಲೇ ಆಗುತ್ತವೆ. ಸಿಎಲ್‌ಎಲ್‌ಗೂ ಸಾಮಾನ್ಯವಾಗಿ ರಕ್ತ ಸಾಕು. ಕೆಂಪು ಕಣ ಅತಿಯಾಗುವ ಪಾಲಿಸೈಥೀಮಿಯಾ ವೆರಾ ಇದ್ದವರಲ್ಲಿ ನೂರಕ್ಕೆ ಸುಮಾರು 95 ಜನರಿಗೆ ಜೆಎಕೆ2 ಜೀನ್‌ನ ಒಂದೇ ಮ್ಯುಟೇಶನ್ ಇರುತ್ತದೆ, ಅದನ್ನೂ ರಕ್ತದಲ್ಲೇ ನೋಡಬಹುದು. ತೀವ್ರ ಲುಕೇಮಿಯಾದಲ್ಲಿ ರಕ್ತದ ತುಂಬ ಕ್ಯಾನ್ಸರ್ ಕೋಶಗಳಿದ್ದರೆ ಜೀನ್ ಪರೀಕ್ಷೆಗೆ ಅದನ್ನೇ ಬಳಸಬಹುದು. ಆದರೆ ಚಿಕಿತ್ಸೆಯ ನಂತರ ಕಾಯಿಲೆ ಎಷ್ಟು ಉಳಿದಿದೆ ಅಂತ ನೋಡಲು ಹೆಚ್ಚಾಗಿ ಮಜ್ಜೆಯೇ ಬೇಕು. ಮೈಲೋಮಾದಲ್ಲಂತೂ ಪ್ಲಾಸ್ಮಾ ಕೋಶಗಳು ಮಜ್ಜೆಯಲ್ಲೇ ಮನೆ ಮಾಡಿಕೊಂಡಿರುತ್ತವೆ. ಅಲ್ಲಿಂದ ತೆಗೆದ ಮೇಲೂ ಅವನ್ನು ಬೇರೆ ಕೋಶಗಳಿಂದ ಆರಿಸಿಯೇ ಫಿಶ್ ಮಾಡಬೇಕು. ಆರಿಸದೆ ಮಾಡಿದ ರಿಪೋರ್ಟ್ ನಿಮ್ಮ ಫೈಲಿನಲ್ಲಿದ್ದರೆ, ಅದರಲ್ಲಿ ‘ನಾರ್ಮಲ್’ ಅಂತ ಬಂದಿದ್ದರೆ, ವೈದ್ಯರ ಹತ್ತಿರ ಅದನ್ನು ಇನ್ನೊಂದು ಸಲ ಮಾತಾಡಿ.